ಕಡಲ ಮುನ್ಸೂಚನೆಯ ಹಿಂದಿನ ಚಿಪ್ ಪೈಪೋಟಿ

ಕೋಟೇಶ್ವರದ ಪಡುವಣಕ್ಕೆ ಬೀಜಾಡಿ, ಕೋಡಿಯ ಕಡಲತೀರ. ಬಡಗಿಗೆ ಕುಂದಾಪುರ ದಾಟಿದರೆ ಗಂಗೊಳ್ಳಿ ಬಂದರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ಬೋಟುಗಳು ನೀರಿಗಿಳಿಯುವ ಆಗಸ್ಟ್‌ನಲ್ಲಿ ಇಲ್ಲಿ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಗಾಳಿ ಎಷ್ಟು ಬಿರುಸಾಗಿ ಬೀಸಲಿದೆ, ಕಡಲಿಗೆ ಇಳಿಯಬಹುದೇ ಬೇಡವೇ ಎಂಬ ಹವಾಮಾನ ಇಲಾಖೆಯ ಸೂಚನೆಗೆ ಆಗ ಡೀಸೆಲಿನಷ್ಟೇ ಬೆಲೆ. ಆ ಸೂಚನೆಯ ಹಿಂದಿನ ದೊಡ್ಡ ಲೆಕ್ಕಾಚಾರ ನಡೆಯುವುದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ನೊಯ್ಡಾದ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಸೂಪರ್‌ಕಂಪ್ಯೂಟರ್‌ಗಳಲ್ಲಿ. 2018ರಿಂದ ಈ ಕೆಲಸ ಮಾಡುತ್ತಿದ್ದ ‘ಪ್ರತ್ಯುಷ್’ ಮತ್ತು ‘ಮಿಹಿರ್’ ಎಂಬ ಯಂತ್ರಗಳಲ್ಲಿ ಇದ್ದದ್ದು ಇಂಟೆಲ್ ಕಂಪನಿಯ ಝಿಯಾನ್ ಪ್ರೊಸೆಸರ್‌ಗಳು. 2024ರ ಸೆಪ್ಟೆಂಬರ್ 26ರಂದು ಉದ್ಘಾಟನೆಯಾದ ‘ಅರ್ಕ’ ಮತ್ತು ‘ಅರುಣಿಕ’ದಲ್ಲಿ ಇರುವುದು ಎಎಂಡಿಯ ಎಪಿಕ್ ಪ್ರೊಸೆಸರ್‌ಗಳು. ಸುಮಾರು 850 ಕೋಟಿ ರೂಪಾಯಿಯ ಈ ಖರೀದಿಯ ಸುದ್ದಿಯಲ್ಲಿ ಒಳಗಿನ ಚಿಪ್ ಬೇರೆ ಕಂಪನಿಯದಾಯಿತು ಎಂಬುದನ್ನು ಗಮನಿಸಿದವರು ಕಡಿಮೆ. ಗಮನಿಸಬೇಕಾದ ವಿಷಯ ಅದೇ ಆಗಿತ್ತು.

ಹಳೆಯ ಎರಡು ಯಂತ್ರಗಳ ಒಟ್ಟು ಸಾಮರ್ಥ್ಯ 6.8 ಪೆಟಾಫ್ಲಾಪ್. ಹೊಸ ಎರಡರದು ಸುಮಾರು 20. ಈ ಅಂಕಿ ಕರಾವಳಿಗೆ ಏನು ಹೇಳುತ್ತದೆ ಎಂದು ಬಿಡಿಸಿ ನೋಡಬೇಕು. ಹವಾಮಾನದ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಗಾಳಿ, ತೇವ, ಒತ್ತಡವನ್ನು ಲೆಕ್ಕ ಹಾಕುತ್ತದೆ. ಚೌಕದ ಬದಿ 12 ಕಿಲೋಮೀಟರ್ ಇದ್ದದ್ದನ್ನು 6ಕ್ಕೆ ಇಳಿಸಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಜೊತೆಗೆ ಲೆಕ್ಕದ ಕಾಲಾಂತರವನ್ನೂ ಅರ್ಧಕ್ಕೆ ಇಳಿಸಬೇಕಾಗುತ್ತದೆ. ಕೆಲಸ ಸುಮಾರು ಎಂಟು ಪಟ್ಟು ಏರುತ್ತದೆ. ನಮ್ಮಲ್ಲಿ ಕಡಲಿಗೂ ಘಟ್ಟಕ್ಕೂ ನಡುವೆ ಇರುವುದು ಮೂವತ್ತು ನಲವತ್ತು ಕಿಲೋಮೀಟರಿನ ಪಟ್ಟಿ. 12 ಕಿಲೋಮೀಟರಿನ ಚೌಕದಲ್ಲಿ ಈ ಇಡೀ ಪ್ರದೇಶ, ಅಂದರೆ ಕಡಲತೀರ, ಬಯಲು, ಕಾಡು, ಕೊಲ್ಲೂರಿನ ಬೆಟ್ಟ ಎಲ್ಲವೂ, ಮೂರು ಚೌಕಗಳಲ್ಲಿ ಮುಗಿದುಹೋಗುತ್ತದೆ. ಘಟ್ಟಕ್ಕೆ ಮೋಡ ತಡೆದು ಸುರಿಯುವ ಮಳೆ ಎಲ್ಲಿ ಶುರುವಾಗುತ್ತದೆ ಎಂದು ಅಷ್ಟು ಒರಟು ಬಲೆಯಲ್ಲಿ ಹಿಡಿಯಲಾಗದು. 2025ರ ಮೇ 26ರಂದು ದೇಶಕ್ಕೆ ಅರ್ಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿಲೋಮೀಟರಿನದು. ಅದು ದಿನನಿತ್ಯದ ಬಳಕೆಗೆ ಸಾಧ್ಯವಾದದ್ದು ಅರ್ಕದಂಥ ಯಂತ್ರ ಇದ್ದದ್ದರಿಂದ. ಅಂಥ ಯಂತ್ರವನ್ನು ಸರ್ಕಾರ ಕೊಳ್ಳುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಕೇಳಲು ಇನ್ನೊಬ್ಬ ಮಾರಾಟಗಾರನೂ ಇದ್ದ.

ನನ್ನ ವಾದ ಇಷ್ಟು: ಸರ್ವರ್ ಪ್ರೊಸೆಸರ್‌ಗಳ ಮಾರುಕಟ್ಟೆಯಲ್ಲಿ ಎರಡನೆಯ, ಮೂರನೆಯ ಆಯ್ಕೆ ಉಳಿದಿರುವುದು ರಸ್ತೆ, ಬಂದರುಗಳ ಹಾಗೆ ಒಂದು ಸಾರ್ವಜನಿಕ ಸೌಲಭ್ಯ. ಯಾರು ಗೆದ್ದರು ಎನ್ನುವುದಕ್ಕಿಂತ ಯಾರೂ ಪೂರ್ತಿ ಗೆಲ್ಲದೆ ಇರುವುದು ನಮಗೆ ಮುಖ್ಯ. ಈ ಸೌಲಭ್ಯ ತಾನಾಗಿ ಉಳಿಯುವುದಿಲ್ಲ. ಕೊಳ್ಳುವವರು, ಅದರಲ್ಲೂ ಸರ್ಕಾರದಂಥ ದೊಡ್ಡ ಗಿರಾಕಿ, ಅದನ್ನು ಪ್ರಜ್ಞಾಪೂರ್ವಕವಾಗಿ ಉಳಿಸಿಕೊಳ್ಳಬೇಕು. ಗಂಗೊಳ್ಳಿಯಲ್ಲಿ ಒಂದೇ ಐಸ್ ಪ್ಲಾಂಟ್ ಉಳಿದರೆ ಮೀನು ಕೊಳೆಯುವ ಭಯದಲ್ಲಿ ಬೋಟಿನವರು ಹೇಳಿದಷ್ಟು ದುಡ್ಡು ಕೊಡಲೇಬೇಕಾಗುತ್ತದೆ, ಆ ಪ್ಲಾಂಟಿನ ಮಾಲೀಕ ಎಷ್ಟೇ ಒಳ್ಳೆಯವನಾಗಿದ್ದರೂ. ದತ್ತಾಂಶ ಕೇಂದ್ರಗಳ ಜಗತ್ತು ಹೆಚ್ಚುಕಮ್ಮಿ ಹತ್ತು ವರ್ಷ ಇಂಥ ಸ್ಥಿತಿಯಲ್ಲಿತ್ತು.

ಇತಿಹಾಸವನ್ನು 2003ರಿಂದ ಹಿಡಿಯೋಣ. ಸರ್ವರ್‌ಗಳು 32 ಬಿಟ್‌ನ ಮಿತಿಯನ್ನು ದಾಟಬೇಕಾದ ಕಾಲ ಅದು. ಇಂಟೆಲ್ ಅದಕ್ಕಾಗಿ ಇಟಾನಿಯಂ ಎಂಬ ಪೂರ್ತಿ ಹೊಸ ಬಗೆಯ ಪ್ರೊಸೆಸರ್ ತಂದಿತ್ತು. ಅದರ ಶಕ್ತಿ ಸಿಗಬೇಕಾದರೆ ಹಳೆಯ ತಂತ್ರಾಂಶವನ್ನು ಹೊಸದಾಗಿ ಸಿದ್ಧಪಡಿಸಬೇಕಿತ್ತು. ಎಎಂಡಿ ಬೇರೆ ದಾರಿ ಹಿಡಿಯಿತು. ಎಲ್ಲರೂ ಬಳಸುತ್ತಿದ್ದ ಎಕ್ಸ್86 ಆದೇಶಗುಚ್ಛವನ್ನೇ 64 ಬಿಟ್‌ಗೆ ವಿಸ್ತರಿಸಿ, 2003ರ ಏಪ್ರಿಲ್‌ನಲ್ಲಿ ಆಪ್ಟರಾನ್ ಬಿಡುಗಡೆ ಮಾಡಿತು. ಹಳೆಯ ತಂತ್ರಾಂಶವೂ ಓಡುತ್ತಿತ್ತು, ಹೊಸದೂ ಓಡುತ್ತಿತ್ತು. ಮೆಮೊರಿಯನ್ನು ನಿಯಂತ್ರಿಸುವ ಭಾಗವನ್ನು ಪ್ರೊಸೆಸರ್‌ನ ಒಳಗೇ ಇಟ್ಟಿದ್ದರಿಂದ ದತ್ತಾಂಶ ಕಾಯುತ್ತಾ ನಿಲ್ಲುವ ಹೊತ್ತೂ ಕಡಿಮೆಯಾಯಿತು. ಮರುವರ್ಷವೇ ಇಂಟೆಲ್ ತನ್ನ ಝಿಯಾನ್‌ಗೂ ಅದೇ 64 ಬಿಟ್ ವಿಸ್ತರಣೆಯನ್ನು ಅಳವಡಿಸಬೇಕಾಯಿತು. 2006ರ ಹೊತ್ತಿಗೆ ಎಕ್ಸ್86 ಸರ್ವರ್ ಮಾರುಕಟ್ಟೆಯ ಸುಮಾರು ನಾಲ್ಕನೇ ಒಂದು ಭಾಗ ಎಎಂಡಿಯದಾಗಿತ್ತು. ಇಂದು ಪ್ರಪಂಚದ ಬಹುಪಾಲು ಸರ್ವರ್‌ಗಳು ಮಾತಾಡುವ ಭಾಷೆ ಅಂದು ಸಣ್ಣ ಪ್ರತಿಸ್ಪರ್ಧಿ ರೂಪಿಸಿದ್ದು ಎಂಬುದು ನೆನಪಿರಲಿ.

ಈ ಕಥೆ ಬೆಂಗಳೂರನ್ನು ನೇರವಾಗಿ ಮುಟ್ಟಿತು. ಆಪ್ಟರಾನ್‌ಗೆ ಉತ್ತರವಾಗಿ ಇಂಟೆಲ್ ತನ್ನ ಬೆಂಗಳೂರು ಕೇಂದ್ರದಲ್ಲಿ ನಾಲ್ಕು ಕೋರ್‌ಗಳ ಒಂದು ಝಿಯಾನ್ ವಿನ್ಯಾಸಕ್ಕೆ ಕೈಹಾಕಿತ್ತು. ಅದಕ್ಕೆ ಇಟ್ಟ ಸಂಕೇತನಾಮ ವೈಟ್‌ಫೀಲ್ಡ್, ನಮ್ಮ ಅದೇ ವೈಟ್‌ಫೀಲ್ಡ್. ಹಳೆಯ ಬಸ್ ವ್ಯವಸ್ಥೆಯನ್ನು ಬಿಟ್ಟು ಪ್ರೊಸೆಸರ್‌ಗಳು ನೇರವಾಗಿ ಒಂದಕ್ಕೊಂದು ಜೋಡಿಕೊಳ್ಳುವ ಹೊಸ ಸಂಪರ್ಕ ಅದರಲ್ಲಿ ಬರಬೇಕಿತ್ತು. 2005ರ ಅಕ್ಟೋಬರ್‌ನಲ್ಲಿ ಇಂಟೆಲ್ ಆ ಯೋಜನೆಯನ್ನು ಕೈಬಿಟ್ಟಿತು. ಬದಲಿಗೆ ಹಳೆಯ ಬಸ್ ಇಟ್ಟುಕೊಂಡ ಟೈಗರ್‌ಟನ್ 2007ರಲ್ಲಿ ಬಂತು. ಆದರೆ ಬೆಂಗಳೂರಿನ ಎಂಜಿನಿಯರುಗಳು ಅಲ್ಲಿಗೆ ನಿಲ್ಲಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಡನಿಂಗ್ಟನ್, ಅಂದರೆ ಝಿಯಾನ್ 7400, 190 ಕೋಟಿ ಟ್ರಾನ್ಸಿಸ್ಟರ್‌ಗಳ ಚಿಪ್, ಅವರದೇ ವಿನ್ಯಾಸ. ಇಂದು ಇಂಟೆಲ್‌ಗೆ ಅಮೆರಿಕದ ಹೊರಗಿನ ಅತಿದೊಡ್ಡ ವಿನ್ಯಾಸ ಕೇಂದ್ರ ಭಾರತದಲ್ಲಿದೆ. ಎಎಂಡಿ 2023ರ ನವೆಂಬರ್‌ನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕ್ಯಾಂಪಸ್ಸನ್ನು ತೆರೆದದ್ದೂ ಬೆಂಗಳೂರಿನಲ್ಲೇ. ಸುರತ್ಕಲ್, ಮಣಿಪಾಲ, ನಿಟ್ಟೆಯ ಕಾಲೇಜುಗಳಲ್ಲಿ ಓದಿದ ಕರಾವಳಿಯವರು ಎರಡೂ ಕಡೆ ದುಡಿಯುತ್ತಿದ್ದಾರೆ. ಇದು ಹೆಮ್ಮೆಯ ವಿಷಯವೇ. ಆದರೆ ವೈಟ್‌ಫೀಲ್ಡ್ ಯೋಜನೆ ನಿಂತದ್ದು ಬೆಂಗಳೂರಿನ ತೀರ್ಮಾನದಿಂದಲ್ಲ. ಯಾವ ಚಿಪ್ ಉಳಿಯಬೇಕು, ಅದಕ್ಕೆ ಏನು ಬೆಲೆ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ನಿರ್ಧಾರವಾಗುತ್ತದೆ. ವಿನ್ಯಾಸಕಾರರ ಊರಾದ ಮಾತ್ರಕ್ಕೆ ನಾವು ಆ ಮಾರುಕಟ್ಟೆಯಲ್ಲಿ ಮಾತುಳ್ಳವರಾಗುವುದಿಲ್ಲ. ನಮ್ಮ ಮಾತು ನಡೆಯುವುದಿದ್ದರೆ ಕೊಳ್ಳುವವರಾಗಿ ಮಾತ್ರ.

2006ರ ನಂತರ ಎಎಂಡಿ ಕುಸಿಯಿತು. 2011ರ ಬುಲ್‌ಡೋಜರ್ ವಿನ್ಯಾಸ ನಿರೀಕ್ಷೆ ಹುಸಿ ಮಾಡಿತು. 2017ಕ್ಕೆ ಮುಂಚೆ ಸರ್ವರ್‌ಗಳಲ್ಲಿ ಅದರ ಪಾಲು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿದಿತ್ತು. ಆ ಕಾಲದಲ್ಲಿ ಇಂಟೆಲ್ ಕೈಕಟ್ಟಿ ಕೂತಿತ್ತು ಎಂದರೆ ಅನ್ಯಾಯವಾಗುತ್ತದೆ. ಪ್ರತಿ ಪೀಳಿಗೆಯಲ್ಲೂ ಕೋರ್‌ಗಳು ಹೆಚ್ಚಿದವು, ಒಳ್ಳೆಯ ಎಂಜಿನಿಯರಿಂಗ್ ನಡೆಯಿತು. ಬದಲಾಗದೆ ಬಿಗಿಯಾದದ್ದು ಬೆಲೆ. 2017ರಲ್ಲಿ ಇಂಟೆಲ್‌ನ ತುದಿಯ 28 ಕೋರ್‌ಗಳ ಝಿಯಾನ್ ಪ್ಲಾಟಿನಂ 8180ರ ಪಟ್ಟಿಬೆಲೆ 10,009 ಡಾಲರ್. ಅದೇ ವರ್ಷ ಬಂದ ಎಎಂಡಿಯ 32 ಕೋರ್‌ಗಳ ಎಪಿಕ್ 7601ಕ್ಕೆ 4,200 ಡಾಲರ್. 2019ರ ಆಗಸ್ಟ್‌ನಲ್ಲಿ 64 ಕೋರ್‌ಗಳ ಎಪಿಕ್ 7742 ಬಂದಾಗ ಬೆಲೆ 6,950. ಇದಾಗಿ ಆರು ತಿಂಗಳಲ್ಲಿ, 2020ರ ಫೆಬ್ರುವರಿಯಲ್ಲಿ ಇಂಟೆಲ್ 28 ಕೋರ್‌ಗಳ ಝಿಯಾನ್ ಗೋಲ್ಡ್ 6258ಆರ್ ತಂದಿತು. ಒಂದು ಯಂತ್ರದಲ್ಲಿ ಎರಡಕ್ಕಿಂತ ಹೆಚ್ಚು ಪ್ರೊಸೆಸರ್ ಜೋಡಿಸಲಾಗದು ಎಂಬ ಮಿತಿ ಬಿಟ್ಟರೆ ಅದು ಹೆಚ್ಚುಕಮ್ಮಿ ಹತ್ತು ಸಾವಿರ ಡಾಲರಿನ ಪ್ಲಾಟಿನಂ 8280ಯೇ. ಬೆಲೆ ಮಾತ್ರ 3,950 ಡಾಲರ್. ಚಿಪ್ ತಯಾರಿಸುವ ಖರ್ಚು ಆರು ತಿಂಗಳಲ್ಲಿ ಅಷ್ಟು ಇಳಿಯಲು ಸಾಧ್ಯವಿಲ್ಲ. ಇಳಿದದ್ದು ಗಿರಾಕಿಗೆ ಬೇರೆ ದಾರಿಯಿಲ್ಲ ಎಂಬ ಧೈರ್ಯ. ದೊಡ್ಡ ಗಿರಾಕಿಗಳು ಪಟ್ಟಿಬೆಲೆ ಕೊಡುವುದಿಲ್ಲ, ಅವರಿಗೆ ರಿಯಾಯಿತಿ ಇರುತ್ತದೆ ಎಂಬುದು ನಿಜ. ಆದರೆ ಜಿಲ್ಲಾ ಸಹಕಾರಿ ಬ್ಯಾಂಕು, ಕಾಲೇಜು, ಸಣ್ಣ ಆಸ್ಪತ್ರೆ ಎರಡು ಸರ್ವರ್ ಕೊಳ್ಳುವಾಗ ಆ ರಿಯಾಯಿತಿ ಕೇಳುವ ಬಲ ಅವಕ್ಕಿರುವುದಿಲ್ಲ. ಪೈಪೋಟಿ ಇಲ್ಲದ ಮಾರುಕಟ್ಟೆಯ ಪೂರ್ತಿ ಭಾರ ಸಣ್ಣವರ ತಲೆಯ ಮೇಲೆ ಬೀಳುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಎಎಂಡಿ ಯಾವ ಸರ್ಕಾರದ ಕೃಪೆಯೂ ಇಲ್ಲದೆ ಎದ್ದು ನಿಂತಿತಲ್ಲ, ಮಾರುಕಟ್ಟೆ ತನ್ನನ್ನು ತಾನೇ ಸರಿಪಡಿಸಿಕೊಂಡಿತಲ್ಲ, ಮತ್ತೆ ಕೊಳ್ಳುವವರ ಕರ್ತವ್ಯದ ಮಾತೇಕೆ? ಎದ್ದದ್ದು ಹೌದು. 2025ರ ಹೊತ್ತಿಗೆ ಎಕ್ಸ್86 ಸರ್ವರ್‌ಗಳಲ್ಲಿ ಅದರ ಪಾಲು ಮತ್ತೆ ನಾಲ್ಕನೇ ಒಂದನ್ನು ದಾಟಿದೆ. ಆದರೆ ಅದಕ್ಕೆ ಹೆಚ್ಚುಕಮ್ಮಿ ಹತ್ತೊಂಬತ್ತು ವರ್ಷಗಳೇ ಹಿಡಿದವು, ಮತ್ತು ಆ ಮರಳುವಿಕೆಯಲ್ಲಿ ಎದುರಾಳಿಯ ಎಡವಟ್ಟಿಗೆ ದೊಡ್ಡ ಪಾತ್ರವಿತ್ತು. ಇಂಟೆಲ್‌ನ 10 ನ್ಯಾನೋಮೀಟರ್ ತಯಾರಿಕಾ ತಂತ್ರ ವರ್ಷಗಟ್ಟಲೆ ತಡವಾಗಿ, ಸರ್ವರ್ ಪ್ರೊಸೆಸರ್ ಆಗಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ 7 ನ್ಯಾನೋಮೀಟರಿನ ಚಿಪ್ ಮಾಡಿಸಿ ಎಎಂಡಿ ಮುಂದೆ ಹೋಗಿತ್ತು. ಇಂಟೆಲ್ ಆ ತಂತ್ರವನ್ನು ಸಕಾಲಕ್ಕೆ ಮುಗಿಸಿದ್ದರೆ? ಎದುರಾಳಿಯ ತಪ್ಪಿನಿಂದ ಒಮ್ಮೆ ಉಳಿದ ಪೈಪೋಟಿ ಮುಂದಿನ ಸಲವೂ ಹಾಗೇ ಉಳಿಯುತ್ತದೆ ಎಂದು ನಂಬಿ ಕೂರುವುದು ವಿವೇಕವಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. ಕಾನೂನಿನ ವೇಗ ಎಷ್ಟು ಎಂದು ಯುರೋಪಿನಲ್ಲಿ ಕಂಡಿದ್ದೇವೆ. ಗಿರಾಕಿ ಕಂಪನಿಗಳಿಗೆ ಷರತ್ತಿನ ರಿಯಾಯಿತಿ ಕೊಟ್ಟು ಎಎಂಡಿಯನ್ನು ಹೊರಗಿಟ್ಟಿತು ಎಂದು ಯುರೋಪಿಯನ್ ಆಯೋಗ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಅದೇ ವರ್ಷ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸಿಕೊಂಡಿತು. ಯುರೋಪಿನ ದಂಡದ ಕಥೆ ಮಾತ್ರ ಮುಂದುವರಿಯಿತು. ರಿಯಾಯಿತಿಯ ಆರೋಪದ ಭಾಗ ರದ್ದಾದದ್ದನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯ ಖಾಯಂ ಮಾಡಿದ್ದು 2024ರ ಅಕ್ಟೋಬರ್‌ನಲ್ಲಿ, ದಂಡ ಹಾಕಿ ಹದಿನೈದು ವರ್ಷಗಳ ಮೇಲೆ. ಯಾರು ಸರಿ ಎಂಬುದನ್ನು ಪಕ್ಕಕ್ಕಿಡೋಣ. ಅಷ್ಟು ಕಾಲದಲ್ಲಿ ಪ್ರೊಸೆಸರ್‌ಗಳ ಎಷ್ಟೋ ಪೀಳಿಗೆಗಳು ಬಂದು ಹೋದವು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇನ್ನೂ ಹೆಚ್ಚು ಹೇಳುತ್ತದೆ. ಬೆಂಗಳೂರಿನ ವೇಲಂಕಣಿ ಎಲೆಕ್ಟ್ರಾನಿಕ್ಸ್ ಇಲ್ಲಿಯೇ ಸರ್ವರ್ ಬೋರ್ಡ್‌ಗಳನ್ನು ವಿನ್ಯಾಸ ಮಾಡಿ ತಯಾರಿಸಲು ಹೊರಟ ಕಂಪನಿ. ಇಂಟೆಲ್‌ನ ಸರ್ವರ್ ಪ್ರೊಸೆಸರ್‌ಗೆ ಬೋರ್ಡ್ ಮಾಡಲು ಬೇಕಾದ ಮಾದರಿ ವಿನ್ಯಾಸದ ಕಡತಗಳು ತನಗೆ ಪೂರ್ತಿ ಸಿಗುತ್ತಿಲ್ಲ ಎಂದು ಅದು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರಿತು. 2018ರ ನವೆಂಬರ್‌ನಲ್ಲಿ ಆಯೋಗ, ಭಾರತದ ಸರ್ವರ್ ಪ್ರೊಸೆಸರ್ ಮಾರುಕಟ್ಟೆಯಲ್ಲಿ ಇಂಟೆಲ್‌ಗೆ ಪ್ರಾಬಲ್ಯ ಇದೆಯೆಂದು ಮೇಲ್ನೋಟಕ್ಕೆ ಕಂಡುಕೊಂಡು, ತನಿಖೆಗೆ ಆದೇಶಿಸಿತು. ತನಿಖೆಯ ಆದೇಶ ತಪ್ಪಿನ ತೀರ್ಪಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಾನು ಈ ಪ್ರಕರಣವನ್ನು ಎತ್ತುವುದು ಬೇರೆ ಕಾರಣಕ್ಕೆ. ಪ್ರೊಸೆಸರ್‌ನ ಪೈಪೋಟಿ ಪ್ರೊಸೆಸರ್‌ನಲ್ಲೇ ಮುಗಿಯುವುದಿಲ್ಲ ಎಂದು ಅದು ತೋರಿಸುತ್ತದೆ. ಚಿಪ್ ಕೂರುವ ಬೋರ್ಡ್, ಅದರ ವಿದ್ಯುತ್ ವ್ಯವಸ್ಥೆ, ಅದಕ್ಕೆ ಬೇಕಾದ ಕಡತ, ಎಲ್ಲದರ ಕೀಲಿಯೂ ಚಿಪ್ ಮಾಡಿದವನ ಕೈಯಲ್ಲಿರುತ್ತದೆ. ಚಿಪ್ ಮಾರುವವರು ಇಬ್ಬರು ಮೂವರಿದ್ದರೆ ಬೋರ್ಡ್ ತಯಾರಕ ಇನ್ನೊಬ್ಬರ ಬಾಗಿಲು ತಟ್ಟಬಹುದು. ಒಬ್ಬನೇ ಇದ್ದರೆ ಅವನಿಗೆ ಉಳಿಯುವುದು ಆಯೋಗದ ಬಾಗಿಲು ಮಾತ್ರ.

ಹಾಗಿದ್ದರೆ ನಮ್ಮದೇ ಚಿಪ್ ಮಾಡಿಕೊಂಡರಾಯಿತು ಎನ್ನುವವರಿದ್ದಾರೆ. ಈ ಆಸೆಯ ಬೇರು ಹಳೆಯದು, ಅದೂ ಬೆಂಗಳೂರಿನದು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾನಾಂತರ ಕಂಪ್ಯೂಟರ್ ಕಟ್ಟಿತು. ದೇಶದಲ್ಲಿ ಅಂಥದ್ದು ಮೊದಲು. ಅದರ ಮುಂದಿನ ಆವೃತ್ತಿಗಳು 1990ರ ದಶಕದಲ್ಲಿ ಮುಂಗಾರಿನ ಜಾಗತಿಕ ಮಾದರಿಯನ್ನು ಓಡಿಸಿದವು. ಆ ಮೊದಲ ಫ್ಲೋಸಾಲ್ವರ್‌ನ ಒಳಗಿದ್ದದ್ದು ನಾಲ್ಕು ಇಂಟೆಲ್ 8086. ಅಂಗಡಿಯಲ್ಲಿ ಸಿಗುವ ಚಿಪ್ ಬಳಸಿಯೂ ಸ್ವತಂತ್ರವಾದ ಬುದ್ಧಿ ತೋರಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇಂದು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ‘ಔಮ್’ ಹೆಸರಿನ 96 ಕೋರ್‌ಗಳ ಸರ್ವರ್ ಪ್ರೊಸೆಸರ್ ವಿನ್ಯಾಸಗೊಳಿಸುತ್ತಿದೆ. ಅದರ ಕೋರ್ ಬ್ರಿಟನ್ನಿನ ಆರ್ಮ್ ಕಂಪನಿಯದು, ತಯಾರಿಕೆಗೆ ಆರಿಸಿರುವುದು ಟಿಎಸ್‌ಎಂಸಿಯ 5 ನ್ಯಾನೋಮೀಟರ್ ತಂತ್ರ. ಹಾಗಾಗಿ ಅದನ್ನು ಪೂರ್ಣ ಸ್ವಾವಲಂಬನೆ ಎಂದು ಕರೆಯುವುದು ಸರಿಯಲ್ಲ, ವ್ಯರ್ಥ ಪ್ರಯತ್ನ ಎನ್ನುವುದೂ ಸರಿಯಲ್ಲ. ಔಮ್ ಜಗತ್ತಿನ ಅತಿವೇಗದ ಚಿಪ್ ಆಗಬೇಕಿಲ್ಲ. ಸರ್ಕಾರ ಮುಂದಿನ ಸೂಪರ್‌ಕಂಪ್ಯೂಟರಿಗೆ ಟೆಂಡರ್ ಕರೆದಾಗ ಮೇಜಿನ ಮೇಲೆ ಇನ್ನೊಂದು ಬೆಲೆ ಇರುವಷ್ಟು ಒಳ್ಳೆಯದಾದರೆ ಅದರ ಹಣ ವಸೂಲಾಗುತ್ತದೆ. ಅದನ್ನು ಕಡ್ಡಾಯ ಮಾಡಿ ಉಳಿದವರನ್ನು ಹೊರಗಿಟ್ಟರೆ ಮಾತ್ರ ಮತ್ತೆ ಒಬ್ಬನೇ ಮಾರಾಟಗಾರನ ಮಾರುಕಟ್ಟೆಗೆ ಮರಳುತ್ತೇವೆ, ಆ ಒಬ್ಬ ನಮ್ಮವನೇ ಆಗಿದ್ದರೂ.

ಇನ್ನೊಂದು ಆಕ್ಷೇಪ: ಈಗ ಹಣವೆಲ್ಲ ಎನ್ವಿಡಿಯಾದ ಜಿಪಿಯುಗಳತ್ತ ಹರಿಯುತ್ತಿದೆ, ಸಿಪಿಯು ಪೈಪೋಟಿ ಹಳೆಯ ಕಾಲದ ಜಗಳ. ಅರ್ಧ ನಿಜ. ಕೃತಕ ಬುದ್ಧಿಮತ್ತೆಯ ಯಂತ್ರದಲ್ಲೂ ಜಿಪಿಯುಗೆ ದತ್ತಾಂಶ ಉಣಿಸಲು ಸಿಪಿಯು ಬೇಕು. ಬ್ಯಾಂಕಿನ ಲೆಕ್ಕ, ಪಡಿತರದ ಪಟ್ಟಿ, ಭೂಮಿಯ ದಾಖಲೆಗಳೂ ಸಿಪಿಯು ಮೇಲೆಯೇ ನಡೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಜಿಪಿಯು ಮಾರುಕಟ್ಟೆಯಲ್ಲಿ ಒಂದೇ ಕಂಪನಿಯ ಮೇಲುಗೈ ಇಷ್ಟು ಬಲವಾಗಿರುವುದು ನನ್ನ ವಾದವನ್ನು ಇನ್ನಷ್ಟು ತುರ್ತಾಗಿಸುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಇಂಟೆಲ್‌ನಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಪಾಲು ಪಡೆಯಿತು. ಮರು ತಿಂಗಳು ಎನ್ವಿಡಿಯಾ ಅದೇ ಕಂಪನಿಯಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಪ್ರತಿಸ್ಪರ್ಧಿ ಸಾಯದೆ ಉಳಿಯುವುದು ಎಷ್ಟು ಬೆಲೆಬಾಳುತ್ತದೆ ಎಂದು ಅಮೆರಿಕಕ್ಕೆ ಅರ್ಥವಾಗಿದೆ. ನಿಜವಾಗಿ ಆತಂಕ ಪಡಬೇಕಾದ್ದು ಕಾರ್ಖಾನೆಗಳ ವಿಷಯದಲ್ಲಿ. ಎಎಂಡಿ, ಎನ್ವಿಡಿಯಾ, ಅಮೆಜಾನ್‌ನ ಗ್ರಾವಿಟಾನ್ ಎಲ್ಲವನ್ನೂ ಮಾಡುವುದು ಒಂದೇ ಟಿಎಸ್‌ಎಂಸಿ. ವಿನ್ಯಾಸದಲ್ಲಿ ಗೆದ್ದುಕೊಂಡ ಪೈಪೋಟಿಯನ್ನು ತಯಾರಿಕೆಯಲ್ಲಿ ಕಳೆದುಕೊಳ್ಳುವ ಅಪಾಯ ಇದೆ, ಮತ್ತು ಅದಕ್ಕೆ ಕರ್ನಾಟಕದ ಬಳಿ ಉತ್ತರವಿಲ್ಲ.

ನಮ್ಮ ಬಳಿ ಉತ್ತರವಿರುವುದು ಖರೀದಿಯಲ್ಲಿ. 2004ರಲ್ಲಿ ಯುರೋಪಿಯನ್ ಆಯೋಗ ಜರ್ಮನಿ, ಇಟಲಿಯಂಥ ದೇಶಗಳನ್ನು ಒಂದು ಸಣ್ಣ ವಿಷಯಕ್ಕೆ ಪ್ರಶ್ನಿಸಿತು. ಅಲ್ಲಿನ ಸರ್ಕಾರಿ ಟೆಂಡರುಗಳು ಇಂಟೆಲ್ ಪ್ರೊಸೆಸರ್ ಬೇಕೆಂದೋ, ಇಷ್ಟೇ ಗಿಗಾಹರ್ಟ್ಝ್ ಬೇಕೆಂದೋ ಬರೆದಿದ್ದವು. ಗಡಿಯಾರದ ವೇಗ ಕೆಲಸದ ಅಳತೆಯಲ್ಲ, ಆ ಸಾಲು ಎದುರಾಳಿಯನ್ನು ಸದ್ದಿಲ್ಲದೆ ಹೊರಗಿಡುತ್ತದೆ ಎಂಬುದು ಆಕ್ಷೇಪ. ನಮ್ಮ ರಾಜ್ಯದ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಹಕಾರಿ ಸಂಸ್ಥೆಗಳು ಸರ್ವರ್ ಕೊಳ್ಳುವಾಗ ತಮ್ಮದೇ ಕೆಲಸದ ಒಂದು ತುಣುಕನ್ನು ಕೊಟ್ಟು, ಅದನ್ನು ಮುಗಿಸಲು ಎಷ್ಟು ಹೊತ್ತು, ಎಷ್ಟು ವಿದ್ಯುತ್, ಐದು ವರ್ಷದ ಒಟ್ಟು ಖರ್ಚು ಎಷ್ಟು ಎಂದು ಕೇಳಬೇಕು. 2017ರ ಮೊದಲ ಎಪಿಕ್ 180 ವಾಟ್ ನುಂಗುತ್ತಿತ್ತು. ಇಂದಿನ ತುದಿಯ ಝಿಯಾನ್, ಎಪಿಕ್ ಎರಡೂ 500 ವಾಟ್‌ಗೆ ಏರಿವೆ. ಕೋರ್‌ಗಳು ಅದಕ್ಕಿಂತ ವೇಗವಾಗಿ ಹೆಚ್ಚಿರುವುದರಿಂದ ಇದು ಹಿನ್ನಡೆಯಲ್ಲ, ಆದರೆ ವಿದ್ಯುತ್ ಲೆಕ್ಕ ಹಾಕದ ಟೆಂಡರ್ ಅಗ್ಗದ ಯಂತ್ರ ಕೊಂಡು ದುಬಾರಿ ಬಿಲ್ ತಂದುಕೊಳ್ಳುತ್ತದೆ. ತಂತ್ರಾಂಶದ ಪರವಾನಗಿಯನ್ನೂ ನೋಡಬೇಕು. ಕೋರ್‌ಗಳು ಹೆಚ್ಚಾದ ಕೂಡಲೇ, 2020ರಲ್ಲಿ, ವಿಎಂವೇರ್ ಒಂದು ಪ್ರೊಸೆಸರ್‌ನ ಪರವಾನಗಿಯನ್ನು 32 ಕೋರ್‌ಗೆ ಸೀಮಿತಗೊಳಿಸಿತು. ಚಿಪ್ ಪೈಪೋಟಿ ಉಳಿಸಿಕೊಟ್ಟ ಹಣವನ್ನು ತಂತ್ರಾಂಶದವರು ಹೀಗೆ ಎತ್ತಿಕೊಂಡು ಹೋಗಬಹುದು.

ಎರಡು ಬಗೆಯ ಯಂತ್ರ ಇಟ್ಟುಕೊಂಡರೆ ನಿರ್ವಹಣೆಗೆ ಜನ ಎಲ್ಲಿಂದ ತರುವುದು ಎಂದು ಇಲಾಖೆಗಳ ತಾಂತ್ರಿಕ ಸಿಬ್ಬಂದಿ ಕೇಳುವುದು ನ್ಯಾಯವಾದ ಪ್ರಶ್ನೆ. ಇಂಟೆಲ್‌ನಿಂದ ಎಎಂಡಿಗೆ ಹೋಗುವುದು ಅಷ್ಟು ಕಷ್ಟವಲ್ಲ, ಎರಡರದೂ ಎಕ್ಸ್86. ಆರ್ಮ್‌ಗೆ ಹೋಗುವುದು ಸ್ವಲ್ಪ ಕಷ್ಟ. ತಂತ್ರಾಂಶವನ್ನು ಮತ್ತೆ ಕಂಪೈಲ್ ಮಾಡಿ ಪರೀಕ್ಷಿಸಬೇಕು. ಆದರೆ 2018ರಲ್ಲಿ ಅಮೆಜಾನ್ ಆರ್ಮ್ ಆಧಾರಿತ ಗ್ರಾವಿಟಾನ್ ತಂದ ಮೇಲೆ ಮೈಕ್ರೋಸಾಫ್ಟ್, ಗೂಗಲ್‌ಗಳೂ ಅದೇ ದಾರಿ ಹಿಡಿದಿವೆ, ಹಾಗಾಗಿ ಲಿನಕ್ಸ್ ಜಗತ್ತಿನ ಬಹುಪಾಲು ಕೆಲಸ ಈಗಾಗಲೇ ಮುಗಿದಿದೆ. ಕಟ್ಟಾ ಎದುರಾಳಿಗಳಾದ ಇಂಟೆಲ್ ಮತ್ತು ಎಎಂಡಿ 2024ರ ಅಕ್ಟೋಬರ್‌ನಲ್ಲಿ ಎಕ್ಸ್86ನ ರಕ್ಷಣೆಗೆ ಒಟ್ಟಾಗಿ ಸಲಹಾ ಮಂಡಳಿ ಕಟ್ಟಿಕೊಂಡದ್ದು ಆರ್ಮ್‌ನ ಪೈಪೋಟಿ ಎಷ್ಟು ನಿಜ ಎಂಬುದಕ್ಕೆ ಸಾಕ್ಷಿ. ಎಲ್ಲ ಕಚೇರಿಯೂ ಎರಡು ಬಗೆಯ ಯಂತ್ರ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಸಾರ್ವಜನಿಕ ಹಣದಲ್ಲಿ ಬರೆಸುವ ತಂತ್ರಾಂಶ ಎರಡರ ಮೇಲೂ ಓಡುವಂತಿರಬೇಕು, ಓಡಿದ್ದನ್ನು ಪರೀಕ್ಷಿಸಿ ತೋರಿಸಿದ ಮೇಲೆಯೇ ಹಣ ಪಾವತಿಯಾಗಬೇಕು.

ಕರ್ನಾಟಕದಲ್ಲಿ 1999ರಿಂದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ ಇದೆ, 2022ರಿಂದ ದತ್ತಾಂಶ ಕೇಂದ್ರ ನೀತಿಯೂ ಇದೆ. ಯಂತ್ರವನ್ನು ಕಂಪನಿಯ ಹೆಸರಿನಿಂದಲ್ಲ, ಮಾಡಿದ ಕೆಲಸದಿಂದ ಅಳೆಯಬೇಕು ಎಂಬ ಒಂದು ಸಾಲು, ತಂತ್ರಾಂಶ ಎಕ್ಸ್86 ಮತ್ತು ಆರ್ಮ್ ಎರಡರಲ್ಲೂ ಓಡಬೇಕು ಎಂಬ ಇನ್ನೊಂದು ಸಾಲು: ಇವೆರಡನ್ನು ಮುಂದಿನ ಟೆಂಡರ್ ದಾಖಲೆಗೆ ಸೇರಿಸಲು ವಿಧಾನಸೌಧದಲ್ಲಿ ಹೊಸ ಮಸೂದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸರ್ಕಾರ ಅದನ್ನು ಹೊರಡಿಸಲಿ.